ಕತ್ರಿಗುಪ್ಪೆ ಸ್ಟಾಪ್

ಈ ಬೆಳಿಗ್ಗೆ ಎದುರುಮನೆಗೆ ನೀರಿನ ಟ್ಯಾಂಕರ್ ಬಂದಿತ್ತು. ಅದೇನು ಹೊಸದಲ್ಲ. ಶಿವರಾತ್ರಿ ಕಳೆಯಿತೆಂದರೆ ಬನಶಂಕರಿಯ ನಮ್ಮ ಅಡ್ಡರಸ್ತೆಗೆ ಹಾಲಿನವನಿಗಿಂತ ಮೊದಲು ಟ್ಯಾಂಕರಿನವನೇ ಬರುತ್ತಾನೆ. ಆದರೆ ಅವನು ನೆಲದಡಿಯ ನೀರಿನ ತೊಟ್ಟಿಯ, ಅಂದರೆ ಸಂಪಿನ, ಕಬ್ಬಿಣದ ಮುಚ್ಚಳವನ್ನು ಗರಗರ ಎಳೆದಾಗ ಒಳಗಿನಿಂದ ಒಂದು ವಾಸನೆ ಏಳುತ್ತದೆ ನೋಡಿ, ಒದ್ದೆ ಸಿಮೆಂಟು, ತುಕ್ಕು, ಬಿಸಿಲನ್ನೇ ಕಾಣದ ನೀರು ಎಲ್ಲ ಬೆರೆತದ್ದು, ಅದು ಮೂಗಿಗೆ ಬಡಿಯಿತೆಂದರೆ ನನ್ನ ಕಥೆ ಮುಗಿಯಿತು. ಕಾಫಿ ಲೋಟ ಹಿಡಿದುಕೊಂಡು ಗೇಟಿನ ಹತ್ತಿರ ಬಂದು ನಿಲ್ಲುತ್ತೇನೆ. ಟ್ಯಾಂಕರಿನವನು ಪೈಪು ಸುತ್ತಿ, ಮುಚ್ಚಳ ಮುಚ್ಚಿ, ಅದರ ಮೇಲೆ ಕಾಲಿಟ್ಟು ಒಂದು ಸಲ ತುಳಿಯುವ ತನಕ ಅಲ್ಲಿಂದ ಕದಲುವುದಿಲ್ಲ. ಅಷ್ಟರಲ್ಲಿ ಕಾಫಿ ಆರಿ ಕೆನೆಗಟ್ಟಿರುತ್ತದೆ.

“ಆ ಸಂಪಿಗೆ ನೀನೇನು ವಾಚ್‌ಮನ್ನಾ?” ಎಂದು ನಮ್ಮ ಮನೆಯವರು ಪೇಪರಿನ ಮರೆಯಿಂದ ಕೇಳುತ್ತಾರೆ. ಕೇಳಲಿ. ಎದುರುಮನೆಯದು ಮಾತ್ರವಲ್ಲ, ಈ ರಸ್ತೆಯಲ್ಲಿರುವ ಅಷ್ಟೂ ಸಂಪುಗಳಿಗೆ ಕೆಲವು ವರ್ಷಗಳಿಂದ ನಾನೇ ವಾಚ್‌ಮನ್. ಮದುವೆಮನೆಗೆ ಹೋದರೂ ಮೊದಲು ನನ್ನ ಕಣ್ಣು ಹೋಗುವುದು ಅಲ್ಲಿಯ ಸಂಪು ಎಲ್ಲಿದೆ, ಮುಚ್ಚಳ ಹಾಕಿದೆಯೇ ಎಂದು. ಹೆಣ್ಣು ಗಂಡು ಆಮೇಲೆ.

ನಗಬೇಡಿ, ಕಾರಣ ಹೇಳುತ್ತೇನೆ. ಕೊಂಚ ಸುತ್ತಿ ಬಳಸಿ ಹೇಳುತ್ತೇನೆ. ಯಾಕೆಂದರೆ ಆ ಜಾಗಕ್ಕೆ ನೇರವಾಗಿ ಹೋಗಿ ನಿಲ್ಲಲು ನನಗೆ ಈಗಲೂ ಧೈರ್ಯ ಸಾಲದು.

ನಾನು ಇಲ್ಲೇ ಹತ್ತಿರದ ಒಂದು ಪ್ಲೇ ಸ್ಕೂಲಿನಲ್ಲಿ ಲೀಡ್ ಟೀಚರ್. ಕೇಳಲು ಭಾರಿ ಹುದ್ದೆಯ ಹಾಗಿದೆ, ಅಲ್ಲವೇ? ಪುಟ್ಟ ಮಕ್ಕಳ ಒಂದು ಕೋಣೆಗೆ ನಾನೇ ಹೊಣೆ ಎಂದಷ್ಟೇ ಅದರ ಅರ್ಥ. ಯಾರ ಮೂಗು ಸೋರಿದರೂ, ಯಾರು ಯಾರ ತೋಳು ಕಚ್ಚಿದರೂ, ಯಾವ ಚಡ್ಡಿ ಯಾರ ಚೀಲಕ್ಕೆ ಹೋದರೂ ಕೊನೆಗೆ ಬಂದು ಬೀಳುವುದು ನನ್ನ ತಲೆಯ ಮೇಲೆ. ಜೊತೆಗೆ ಸವಿತಾ ಇದ್ದಾಳೆ. ಬಾಗಲಕೋಟೆ ಕಡೆಯವಳು, ಗಂಡನಿಗೆ ಇಲ್ಲಿ ಆಫೀಸಿನ ಕೆಲಸ, ಬಿಟಿಎಂ ಬಡಾವಣೆಯಲ್ಲಿ ಬಾಡಿಗೆ ಮನೆ. ನಾನು ಹೇಳುತ್ತಿರುವ ಕಾಲಕ್ಕೆ ಅವಳು ಕೆಲಸಕ್ಕೆ ಸೇರಿ ಇನ್ನೂ ಸ್ವಲ್ಪ ದಿನವಷ್ಟೇ ಆಗಿತ್ತು.

ಶಾಲೆ ನಡೆಯುವುದು ಒಂದು ಹಳೆಯ ಮನೆಯಲ್ಲಿ. ಅದರ ಹಾಲು, ಅಂದರೆ ನಡುಮನೆ, ನಮ್ಮ ತರಗತಿ. ಹಾಲಿನ ಮೂಲೆಯಲ್ಲಿ ದೇವರ ಮನೆ ಇದೆ, ಈಗ ಅಲ್ಲಿ ದೇವರಿಲ್ಲ, ಮಕ್ಕಳು ಮಲಗುವ ಪುಟ್ಟ ಹಾಸಿಗೆಗಳನ್ನು ಒಟ್ಟಿದ್ದೇವೆ. ಆ ಬಾಗಿಲಿಗೆ ಸಾಲಾಗಿ ಹಿತ್ತಾಳೆಯ ಗಂಟೆಗಳಿದ್ದವು. ಮಕ್ಕಳು ದಿನವಿಡೀ ಬಾರಿಸಿ ಬಾರಿಸಿ ನನ್ನ ತಲೆ ಚಿಟ್ಟು ಹಿಡಿಸಿದ್ದರಿಂದ ನಾನೇ ಬಿಚ್ಚಿಸಿ ಡಬ್ಬಿಗೆ ಹಾಕಿಟ್ಟಿದ್ದೆ. ಮೇಲಿನ ಚಿಲಕ ಮುರಿದು ಎಷ್ಟೋ ಕಾಲವಾಗಿತ್ತು. ಕೆಳಗಡೆ, ಮೊಣಕಾಲೆತ್ತರದಲ್ಲಿ, ಇನ್ನೊಂದು ಚಿಲಕವಿತ್ತು. ಮನೆಯ ಮುಂದೆ, ಗೇಟಿಗೂ ಜಗಲಿಗೂ ನಡುವೆ ಸಂಪು. ಅದರ ಮುಚ್ಚಳದ ಮೇಲೆ ಒಂದು ಭಾರವಾದ ಹೂಕುಂಡ ಇಟ್ಟಿರುತ್ತಿದ್ದೆವು. ಇವಿಷ್ಟನ್ನು ನೆನಪಿಟ್ಟುಕೊಳ್ಳಿ.

ನಾನು ಹುಟ್ಟಾ ಹೆದರುಪುಕ್ಕಲಿ. ಹಲ್ಲಿಗೆ ಹೆದರುತ್ತೇನೆ, ಎಸ್ಕಲೇಟರಿಗೆ ಹೆದರುತ್ತೇನೆ, ಕುಕ್ಕರ್ ನಾಲ್ಕನೇ ಸೀಟಿ ಹೊಡೆದರೆ ಹೆದರುತ್ತೇನೆ. ಇಂಥವಳು ಊರಿನ ಮಕ್ಕಳನ್ನೆಲ್ಲ ನೋಡಿಕೊಳ್ಳುವ ಕೆಲಸಕ್ಕೆ ಯಾಕೆ ಬಂದಳೋ ಎಂದು ನಮ್ಮ ಅಮ್ಮ ಕೊನೆಯವರೆಗೂ ಆಶ್ಚರ್ಯಪಡುತ್ತಿದ್ದರು. ಹುಣಸೆಬೀಜ ಕಂಡರೆ ಅದು ಯಾರ ಮೂಗಿನೊಳಗೆ ಹೋಗಬಹುದು ಎಂದು ಯೋಚಿಸುತ್ತೇನೆ. ದ್ರಾಕ್ಷಿಯನ್ನು ಸೀಳದೆ ಕೊಡುವುದಿಲ್ಲ. ಮಕ್ಕಳು ಗದ್ದಲ ಮಾಡುತ್ತಿದ್ದರೆ ನನಗೆ ನೆಮ್ಮದಿ. ಸದ್ದು ಅಡಗಿತೆಂದರೆ ಎದೆ ಧಸಕ್ಕೆನ್ನುತ್ತದೆ. ಇದು ಈ ಕಸುಬಿನವರಿಗೆಲ್ಲ ಇರುವ ಕಾಯಿಲೆ, ನನಗೆ ಕೊಂಚ ಜಾಸ್ತಿ.

ಆದರೆ ಒಂದು ವಿಷಯದಲ್ಲಿ ಮಾತ್ರ ನನಗೆ ಭಾರಿ ಧೈರ್ಯ, ಧೈರ್ಯವೇನು, ಜಂಬವೇ ಇತ್ತು. ಮಕ್ಕಳ ಆಟದೊಳಗೆ ದೊಡ್ಡವರು ಕರೆಯದೆ ಕಾಲಿಡಬಾರದು ಎನ್ನುವುದು ನಮ್ಮ ಶಾಲೆಯ ಪದ್ಧತಿ. ಮಗು ಸಿಂಹವಾಗಿದ್ದರೆ ಅದು ಸಿಂಹವೇ. ‘ಸಿಂಹ ಹೀಗೆ ಕೂಗೋದಿಲ್ಲ ಪುಟ್ಟ’ ಎಂದು ತಿದ್ದಬಾರದು. ‘ಇದೇನು, ಅದೇನು’ ಎಂದು ಪೊಲೀಸರ ಹಾಗೆ ಕೇಳಬಾರದು. ಒಬ್ಬರು ತಂದೆ ಒಮ್ಮೆ, “ಆಟ ಮನೇಲೂ ಆಡ್ತಾನಲ್ಲ ಮೇಡಂ, ನಿಮ್ಮಲ್ಲಿ ಏನ್ ಸ್ಪೆಷಲ್ಲು?” ಎಂದು ಕೇಳಿದ್ದರು. “ಮನೇಲಿ ನೀವು ಆಟಕ್ಕೆ ಅಡ್ಡ ಬರ್ತೀರ ಸಾರ್, ನಾವು ಬರೋದಿಲ್ಲ” ಎಂದು ನಾನು ಥಟ್ಟನೆ ಹೇಳಿದ್ದೆ. ಆ ಉತ್ತರ ನನಗೇ ಎಷ್ಟು ಹಿಡಿಸಿತೆಂದರೆ ಆಮೇಲೆ ಬಂದ ತಂದೆತಾಯಿಗಳಿಗೆಲ್ಲ, ಅವರು ಕೇಳದಿದ್ದರೂ, ಅದನ್ನು ಹೇಳುತ್ತಿದ್ದೆ.

ಆ ವರ್ಷ ಮಕ್ಕಳಿಗೆ ಬಸ್ಸಿನ ಹುಚ್ಚು ಹಿಡಿದಿತ್ತು. ಹಚ್ಚಿದವಳು ಧನ್ಯಾ. ನಾಲ್ಕು ವರ್ಷದ ಹುಡುಗಿ, ಅಮ್ಮನ ಜೊತೆ ದಿನಾ ಕೋಣನಕುಂಟೆಯಿಂದ ಸಿಟಿ ಬಸ್ಸಿನಲ್ಲಿ ಬರುತ್ತಿದ್ದಳು. ಬರುತ್ತ ಬರುತ್ತ ಕಂಡಕ್ಟರ್ ವಿದ್ಯೆಯನ್ನೆಲ್ಲ ಕಲಿತಿದ್ದಳು. ಬೆರಳ ಸಂದಿಯಲ್ಲಿ ಕಾಗದದ ಚೂರುಗಳನ್ನು ಸಿಕ್ಕಿಸಿಕೊಂಡು, “ಒಳಗ್ ಹೋಗಿ, ಒಳಗ್ ಹೋಗಿ, ಹಿಂದ್ಗಡೆ ಖಾಲಿ ಇದೆ” ಎಂದು ಅವಳು ಕೂಗಿದರೆ ನನಗೇ ಚೀಲ ಅವುಚಿಕೊಂಡು ಹಿಂದೆ ಸರಿಯಬೇಕು ಅನಿಸುತ್ತಿತ್ತು. ಬಸ್ಸು ಎಂದರೆ ಹಾಲಿನಲ್ಲಿ ಎರಡು ಸಾಲು ಪುಟ್ಟ ಕುರ್ಚಿ. ಅದು ಅಲ್ಲಾಡುವುದಿಲ್ಲ. ಸ್ಟಾಪು ಬಂದಾಗ ಧನ್ಯಾ ಇಳಿದವರನ್ನು ಕೈಹಿಡಿದು ಆ ಸ್ಟಾಪಿಗೆ ಬಿಟ್ಟು ಬರುತ್ತಿದ್ದಳು, ಅಲ್ಲಿ ಕಾಯುತ್ತಿದ್ದವರನ್ನು ಕರೆದು ತರುತ್ತಿದ್ದಳು. ಸ್ಟಾಪುಗಳು ಮಕ್ಕಳಿಗೆ ಗೊತ್ತಿದ್ದ ಊರುಗಳೇ. ಡ್ರೈವರ್ ಆಗುತ್ತಿದ್ದ ಲಿಖಿತನ ಅಪ್ಪ ತರಕಾರಿ ತರುವ ಮಡಿವಾಳ, ಧನ್ಯಾಳ ಮನೆಯಿರುವ ಕೋಣನಕುಂಟೆ, ಇಂಚರಳ ಅಜ್ಜಿಮನೆಯಿರುವ ಕತ್ರಿಗುಪ್ಪೆ. ಅವರ ಬಸ್ಸು ಹೋಗುತ್ತಿದ್ದ ಆ ದಾರಿಯಲ್ಲಿ ನಿಜವಾಗಿ ಬಸ್ಸು ಓಡಿಸು ಎಂದರೆ ಯಾವ ಡ್ರೈವರಾದರೂ ಕೆಲಸ ಬಿಟ್ಟು ಊರಿಗೆ ಹೋಗುತ್ತಾನೆ.

ನಾನು ದೂರದಲ್ಲಿ ಕೂತು ನೋಡಿ ಹಿಗ್ಗುತ್ತಿದ್ದೆ. ಸ್ಟಾಪುಗಳು ಎಲ್ಲೆಲ್ಲಿವೆ ಎಂದು ನನಗೆ ಗೊತ್ತಿರಲಿಲ್ಲ. ದಿನಕ್ಕೊಂದು ಜಾಗಕ್ಕೆ ಬದಲಾಗುತ್ತಿದ್ದವು ಬೇರೆ. ಕೇಳಬಾರದು ಎನ್ನುವುದೇ ಪದ್ಧತಿಯಾದ್ದರಿಂದ ಕೇಳಿರಲಿಲ್ಲ.

ಇಂಚರ ಮೂರೂವರೆ ವರ್ಷದವಳು. ಮಾತು ಕಡಿಮೆ, ಹಠ ಇಲ್ಲ, ಹೇಳಿದ ಕಡೆ ಕೂರುವ ಮಗು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರು, ಹಾಗಾಗಿ ಮಧ್ಯಾಹ್ನ ಕರೆದುಕೊಂಡು ಹೋಗಲು ಕತ್ರಿಗುಪ್ಪೆಯಿಂದ ಅಜ್ಜಿ ಬರುತ್ತಿದ್ದರು. ಕೆಂಪಮ್ಮ ಎಂದು ಹೆಸರು. ಕತ್ರಿಗುಪ್ಪೆ ಹಳ್ಳಿಯಾಗಿದ್ದಾಗ ಅಲ್ಲಿ ಹುರುಳಿಕಾಯಿ, ಸೊಪ್ಪು ಬೆಳೆದವರ ಮನೆಯವರು. ಹೊಲವೆಲ್ಲ ಸೈಟಾಗಿ ಈಗ ಮೂರಂತಸ್ತಿನ ಮನೆ, ಮೇಲೆ ಬಾಡಿಗೆದಾರರು. ಆದರೂ ಅಜ್ಜಿಯ ನಡಿಗೆ ಬದುವಿನ ಮೇಲೆ ನಡೆಯುವವರದ್ದೇ, ನೋಡಿ ನೋಡಿ ಹೆಜ್ಜೆ ಇಡುವುದು. ಎಲ್ಲ ಅಜ್ಜಿಯರ ಹಾಗೆ ಅವರೂ ಹೊತ್ತಿಗೆ ಮುಂಚೆಯೇ ಬಂದು ಜಗಲಿಯಲ್ಲಿ ಕೂತಿರುತ್ತಿದ್ದರು.

ಆ ದಿನ ಬೇಸಿಗೆಯ ಒಂದು ಶುಕ್ರವಾರ. ಟ್ಯಾಂಕರ್ ಬಂತು. ಗೇಟು ತೆರೆದು ಪೈಪು ಒಳಗೆ ಎಳೆದರು, ಹೂಕುಂಡ ಸರಿಸಿದರು, ಮುಚ್ಚಳ ತೆಗೆದರು. ಸವಿತಾಳನ್ನು ಅಲ್ಲಿ ನಿಲ್ಲಿಸಿದೆ. ಒಳಗೆ ಬಸ್ಸು ಓಡುತ್ತಿತ್ತು. ಸ್ವಲ್ಪ ಹೊತ್ತಿಗೆ ತಿಂಡಿಯ ಗಂಟೆ ಬಾರಿಸಿದೆ. ಗಂಟೆ ಆಯಿತೆಂದರೆ ಬಸ್ಸು ಎಲ್ಲಿದೆಯೋ ಅಲ್ಲೇ ಬಿಟ್ಟು ಎಲ್ಲರೂ ಕೈ ತೊಳೆಯಲು ಹಿತ್ತಲಿಗೆ ಓಡುವುದು ವಾಡಿಕೆ. ಅಲ್ಲಿ ಒಬ್ಬನ ಕಣ್ಣಿಗೆ ಸೋಪು ಹೋಗಿ ಅವನು ಕಿರುಚಿದ. ಸವಿತಾ ಮುಂಬಾಗಿಲಿನಿಂದ ಹಿತ್ತಲಿಗೆ ಓಡಿಬಂದಳು. ಕಣ್ಣು ತೊಳೆದೆವು, ಸಮಾಧಾನ ಮಾಡಿದೆವು, ಎಲ್ಲರನ್ನೂ ಚಾಪೆಯ ಮೇಲೆ ಕೂರಿಸಿ ಬಾಳೆಹಣ್ಣಿನ ಹೋಳುಗಳ ತಟ್ಟೆ ಕೊಟ್ಟೆವು.

ಒಂದು ತಟ್ಟೆ ಉಳಿಯಿತು.

ಸವಿತಾ ಆ ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಸಾಲನ್ನು ಒಮ್ಮೆ ನೋಡಿದಳು, ಮತ್ತೊಮ್ಮೆ ನೋಡಿದಳು. ಆಮೇಲೆ ನನ್ನ ಹತ್ತಿರ ಬಂದು, ಮಕ್ಕಳಿಗೆ ಕೇಳಿಸದ ಹಾಗೆ, “ಮೇಡಂ, ಇಂಚರಾ ಕಾಣವಲ್ಲಳ್ರಿ” ಎಂದಳು.

ಟಾಯ್ಲೆಟ್ಟಿನಲ್ಲಿರಬೇಕು ಎಂದು ಹೋದೆ. ಇರಲಿಲ್ಲ. ಪರದೆಯ ಹಿಂದೆ, ಮೇಜಿನ ಕೆಳಗೆ, ಹಿತ್ತಲಿನ ಜಾರುಬಂಡೆಯ ಅಡಿ, ಅಡಿಗೆಮನೆಯ ಬಾಗಿಲ ಸಂದಿ. ಮೊದಲು ರಾಗವಾಗಿ “ಇಂಚರಾ” ಎಂದು ಕರೆಯುತ್ತಿದ್ದೆ, ಆಟದಲ್ಲಿ ಹುಡುಕುವವರ ಹಾಗೆ. ಎರಡನೇ ಸುತ್ತಿಗೆ ರಾಗ ಹೋಗಿ ಬರೀ ಕೂಗು ಉಳಿಯಿತು. ದೇವರ ಮನೆಯ ಮುಂದೆಯೂ ಬಂದೆ. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಹೊರಗಿನಿಂದ ಚಿಲಕ ಹಾಕಿದ ಬಾಗಿಲೊಳಗೆ ಮಗು ಹೇಗೆ ಹೋಗುತ್ತದೆ? ಅಷ್ಟು ಬುದ್ಧಿ ನನಗಿದೆಯಲ್ಲ. ಮುಂದೆ ಹೋದೆ. ಜಗಲಿಗೆ ಬಂದಾಗ ಕಂಡದ್ದು ಹಾರುಹೊಡೆದ ಗೇಟು, ಬಾಯಿ ತೆರೆದ ಸಂಪು, ಮತ್ತು ಆ ವಾಸನೆ.

“ಅಣ್ಣ, ಇಲ್ಲಿ ಒಂದು ಮಗು ಬಂತಾ?” ಟ್ಯಾಂಕರಿನವನನ್ನು ಕೇಳಿದೆ.

“ಯಾರೂ ಬರ್ಲಿಲ್ವಲ್ಲ ಮೇಡಂ. ನಾನ್ ಇಲ್ಲೇ ಇದ್ದೆ.”

“ಪೂರ್ತಿ ಹೊತ್ತು ಇಲ್ಲೇ ಇದ್ರಾ?”

ಅವನು ನನ್ನ ಮುಖ ನೋಡಿದ. ಅವನ ಮುಖವೂ ಬದಲಾಯಿತು. “ವಾಲ್ವ್ ತಿರುಗ್ಸಕ್ಕೆ ಅಂತ ಒಂದ್ ಗಳಿಗೆ ಗಾಡಿ ಹತ್ರ ಹೋಗಿದ್ದೆ” ಎಂದ.

ಸವಿತಾಳನ್ನು ರಸ್ತೆಗೆ ಅಟ್ಟಿದೆ, ಮೇನ್ ರೋಡಿನ ತನಕ ನೋಡಿಕೊಂಡು ಬಾ ಎಂದು. ಅವಳು ಬರಿಗಾಲಿನಲ್ಲೇ ಓಡಿದಳು. ನಾನು ಸಂಪಿನ ಪಕ್ಕ ಮಂಡಿಯೂರಿದೆ. ಹೇಗೆ ಹೇಳಲಿ ನಿಮಗೆ? ನೀರು ಬಾಯಿಮಟ್ಟ ತುಂಬಿತ್ತು. ಮೇಲೆ ಒಂದು ತುಂಡು ಆಕಾಶ ಕಾಣುತ್ತಿತ್ತು, ಅದರ ಮೇಲೆ ನನ್ನದೇ ತಲೆ. ಅದರ ಕೆಳಗೆ ಏನಿದೆ ಎಂದು ಕಾಣುತ್ತಿರಲಿಲ್ಲ. ಮೊಬೈಲಿನ ಟಾರ್ಚ್ ಹಾಕಿದರೆ ನೀರು ಇನ್ನೂ ಹೊಳೆಯಿತು, ಒಳಗೆ ಬೆಳಕು ಹೋಗಲಿಲ್ಲ. ಟ್ಯಾಂಕರಿನವನು ಜೇಡರ ಬಲೆ ತೆಗೆಯುವ ನಮ್ಮ ಉದ್ದನೆಯ ಕೋಲು ತಂದು ನೀರಿಗೆ ಇಳಿಸಿ ನಿಧಾನವಾಗಿ ಆಡಿಸಿದ. ಆ ಕೋಲು ಯಾವುದಕ್ಕೆ ತಾಗುತ್ತದೋ ಎಂದು ನಾನು ಅವನ ಕೈಯನ್ನೇ ನೋಡುತ್ತಿದ್ದೆ. ನನ್ನ ಬಾಯಲ್ಲಿ ಯಾವ ದೇವರ ಹೆಸರೂ ಬರಲಿಲ್ಲ. ಮನಸ್ಸು ಪೂರ್ತಿ ಖಾಲಿಯಾಗಿತ್ತು, ಆ ಮಗು ಬೆಳಿಗ್ಗೆ ಹಳದಿ ಫ್ರಾಕು ಹಾಕಿಕೊಂಡು ಬಂದಿತ್ತು ಎಂಬುದೊಂದನ್ನು ಬಿಟ್ಟು.

“ಏನೂ ಸಿಗ್ತಿಲ್ಲ ಮೇಡಂ” ಎಂದ ಅವನು. ಕೋಲು ಮೇಲೆತ್ತಿ, “ಏಣಿ ಇರೋ ಆ ಮೂಲೆಗೆ ಮಾತ್ರ ಕೋಲು ಹೋಗ್ತಿಲ್ಲ” ಎಂದ. ಮೋಟಾರ್ ಹಾಕಿ ನೀರು ಇಳಿಸೋಣ ಎಂದು ಹೇಳಿ ಮನೆಯ ಪಕ್ಕದ ಸ್ವಿಚ್ಚಿನ ಕಡೆ ಹೋದ. ಸಂಪು ತೆರೆದೇ ಇತ್ತು.

ಒಳಗೆ ಮಕ್ಕಳು ಅವರಷ್ಟಕ್ಕೆ ಇದ್ದರು. ಅವರನ್ನು ಬಿಟ್ಟು ಎಷ್ಟು ಹೊತ್ತು ಹೊರಗಿರಲಿ? ಎದ್ದು ಬಂದೆ. ಮಕ್ಕಳು ಬಾಳೆಹಣ್ಣು ತಿಂದು ಮುಗಿಸಿ ಮತ್ತೆ ಕುರ್ಚಿಗಳನ್ನು ಹತ್ತುತ್ತಿದ್ದರು.

“ಇಂಚರಾನ ಯಾರಾದ್ರೂ ನೋಡಿದ್ರಾ?” ಎಂದೆ.

“ಇಳ್ಕೊಂಡ್ಳು ಮಿಸ್” ಎಂದಳು ಧನ್ಯಾ, ಕಾಗದ ಹರಿಯುತ್ತ. “ಕತ್ರಿಗುಪ್ಪೆ ಸ್ಟಾಪಲ್ಲಿ. ಅಜ್ಜಿ ಮನೆಗೆ ಹೋದ್ಳು.”

ಅಜ್ಜಿಯ ಮನೆ ನಿಜವಾಗಿ ಇರುವುದು ಕತ್ರಿಗುಪ್ಪೆಯಲ್ಲೇ. ಗೇಟು ನಿಜವಾಗಿಯೇ ತೆರೆದಿದೆ. ಆ ಮಗು ಅಜ್ಜಿಯ ಕೈಹಿಡಿದು ದಿನಾ ನಡೆಯುವ ದಾರಿ ಅದು. ಈ ಹುಡುಗಿ ಹೇಳುತ್ತಿರುವುದು ಆಟವೋ ನಿಜವೋ? ಕೂತ ಕುರ್ಚಿಯನ್ನು ಬಸ್ಸು ಎನ್ನುವವರ ಸಾಕ್ಷಿಯನ್ನು ಹೇಗೆ ತೆಗೆದುಕೊಳ್ಳುವುದು?

“ಎಲ್ಲಿ ಕತ್ರಿಗುಪ್ಪೆ? ತೋರ್ಸು. ಎಲ್ಲಿಗೆ ಹೋದ್ಳು ಹೇಳು” ಎಂದು ಅವಳ ಎರಡೂ ತೋಳು ಹಿಡಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಧನ್ಯಾಳ ಕೆಳತುಟಿ ಅದುರಿತು. ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡಿತು. ಇನ್ನೊಬ್ಬನನ್ನು ಕೇಳಿದೆ, ಅವನು ಕಿಟಕಿಯ ಕಡೆ ತೋರಿಸಿದ. ಇನ್ನೊಬ್ಬಳು ಗೇಟಿನ ಕಡೆ ತೋರಿಸಿದಳು.

ಈ ಕಸುಬಿನಲ್ಲಿ ನಾನು ಕಲಿತದ್ದು ಹೆಚ್ಚೇನಿಲ್ಲ. ಆದರೆ ಇದೊಂದು ಗೊತ್ತು. ನಾಲ್ಕು ವರ್ಷದ ಮಗುವನ್ನು ಹೆದರಿಸಿದರೆ ಅದು ಬಾಯಿಗೆ ಬೀಗ ಹಾಕಿಕೊಳ್ಳುತ್ತದೆ, ಆಮೇಲೆ ಬ್ರಹ್ಮ ಬಂದರೂ ತೆಗೆಯಲಾರ. ಆ ಮಗುವಿನ ತೋಳು ಬಿಟ್ಟೆ. ಬೆವರು ಒರೆಸಿಕೊಂಡೆ. ಎಲ್ಲಿಂದ ಬಂತೋ ಏನೋ, ಒಂದು ನಗು ತಂದುಕೊಂಡು ಆ ಪುಟ್ಟ ಕುರ್ಚಿಯಲ್ಲಿ, ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ, ಕೂತೆ.

“ಕಂಡಕ್ಟ್ರೇ, ಕತ್ರಿಗುಪ್ಪೆ ಒಂದು ಕೊಡಿ.”

ಧನ್ಯಾ ಮೂಗು ಒರೆಸಿಕೊಂಡು ನನ್ನನ್ನು ಅಳೆದು ನೋಡಿದಳು. “ಚಿಲ್ರೆ ಇದ್ಯಾ?” ಎಂದಳು. ಬರಿಗೈಯನ್ನು ಅವಳ ಅಂಗೈಗೆ ಒತ್ತಿದೆ. “ಇಷ್ಟ್ ದೊಡ್ ನೋಟ್ ಕೊಟ್ರೆ ಹೆಂಗೆ?” ಎಂದು ಗೊಣಗಿ ಒಂದು ಚೂರು ಕಾಗದ ಕೊಟ್ಟಳು. “ರೈಟ್!”

ಆ ಹೊತ್ತಿಗೆ ಬಾಗಿಲಲ್ಲಿ ಕೆಂಪಮ್ಮಜ್ಜಿ ನಿಂತಿದ್ದರು.

ಬೇಗ ಬರುವವರು, ಅಂದು ಇನ್ನೂ ಬೇಗ ಬಂದಿದ್ದರು. ಹಾಲನ್ನು ಒಂದು ಸಲ ಪೂರ್ತಿ ನೋಡಿದರು. ನನ್ನನ್ನು ನೋಡಿದರು. ನನಗೆ ಎದ್ದು ನಿಲ್ಲಲಾಗಲಿಲ್ಲ, ಎದ್ದರೆ ಈ ಬಸ್ಸು ನಿಲ್ಲುತ್ತದೆ. ಏನು ಹೇಳಲಿ? ನಿಮ್ಮ ಮೊಮ್ಮಗಳು ಎಲ್ಲಿದ್ದಾಳೋ ಗೊತ್ತಿಲ್ಲ, ನಾನು ಬಸ್ಸಿನಲ್ಲಿ ಕೂತಿದ್ದೇನೆ ಎಂದೇ?

“ಏನ್ ಮೇಡಂ, ಬಸ್ಸಾ?” ಎಂದರು ಅಜ್ಜಿ.

ತಲೆಯಾಡಿಸಿದೆ.

“ಕತ್ರಿಗುಪ್ಪೆಗೆ ಹೋಯ್ತದಾ?”

“ಹೋಗತ್ತೆ, ಹೋಗತ್ತೆ, ಬೇಗ ಹತ್ತಿ” ಎಂದಳು ಧನ್ಯಾ. ಅಜ್ಜಿ ಗೋಡೆ ಹಿಡಿದುಕೊಂಡು ಬಂದು ನನ್ನ ಪಕ್ಕದ ಪುಟ್ಟ ಕುರ್ಚಿಯಲ್ಲಿ ಕೂತರು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. ನಾನು ಅವರ ಕಡೆ ತಿರುಗಲಿಲ್ಲ. ಹೊರಗೆ ಮೋಟಾರ್ ಶುರುವಾದ ಸದ್ದು ಕೇಳಿಸಿತು.

ಲಿಖಿತ ತಟ್ಟೆಯ ಸ್ಟೇರಿಂಗ್ ತಿರುಗಿಸುತ್ತಿದ್ದವನು ಇದ್ದಕ್ಕಿದ್ದ ಹಾಗೆ ನಿಲ್ಲಿಸಿದ.

“ಯಾಕೆ ಲಿಖಿತ್, ಹೋಗು.”

“ಸಿಗ್ನಲ್ ಮಿಸ್. ಸಿಲ್ಕ್ ಬೋರ್ಡು. ಲೇಟ್ ಆಗತ್ತೆ.”

ಇಡೀ ಊರು ಆ ಸಿಗ್ನಲ್ಲಿಗೆ ಹಿಡಿಶಾಪ ಹಾಕುತ್ತದೆ. ಆದರೆ ನನ್ನಷ್ಟು ಬೇಯುತ್ತ ಅಲ್ಲಿ ನಿಂತವರು ಯಾರೂ ಇರಲಾರರು. ಕೊನೆಗೂ ಸಿಗ್ನಲ್ ಬಿಟ್ಟಿತು. ಮಡಿವಾಳ ಬಂತು. ಆಟದ ಅಡಿಗೆ ಪಾತ್ರೆಗಳಿದ್ದ ಮೂಲೆಗೆ ಧನ್ಯಾ ನಡೆದುಹೋಗಿ, “ಮಡಿವಾಳ, ಮಡಿವಾಳ” ಎಂದು ಕೂಗಿ, ಯಾರೂ ಹತ್ತದ್ದನ್ನು ನೋಡಿ ವಾಪಸು ಬಂದಳು. ಆಮೇಲೆ ಕೋಣನಕುಂಟೆ ಎಂದು ಕಿಟಕಿಯ ಕಡೆ ಹೊರಟಳು.

“ಧನ್ಯಾ, ನೇರ ಕತ್ರಿಗುಪ್ಪೆಗೇ ಹೋಗಿಬಿಡೋಣ ಕಣಮ್ಮ” ಎಂದೆ.

“ಸ್ಟಾಪ್ ಇದ್ಯಲ್ಲ ಮಿಸ್. ನಿಲ್ಲಿಸ್ಬೇಕು.”

“ಅಲ್ಲಿ ಯಾರೂ ಇಲ್ವಲ್ಲ.”

ಧನ್ಯಾ ನನ್ನನ್ನು ಕರುಣೆಯಿಂದ ನೋಡಿದಳು. “ಯಾರಾದ್ರೂ ಕಾಯ್ತಿದ್ರೆ?” ಎಂದಳು.

ಕೋಣನಕುಂಟೆಯಲ್ಲಿ ಯಾರೂ ಕಾಯುತ್ತಿರಲಿಲ್ಲ. ಅಜ್ಜಿಯ ಕೈ ನನ್ನ ಕೈಯ ಮೇಲೆ ಬಂದು ಕೂತಿದ್ದು ನನಗೆ ಆಮೇಲೆ ಗೊತ್ತಾಯಿತು.

“ಕತ್ರಿಗುಪ್ಪೆ, ಕತ್ರಿಗುಪ್ಪೆ, ಇಳೀರಿ” ಎಂದು ಧನ್ಯಾ ನನ್ನ ಬೆರಳು ಹಿಡಿದಳು. ಅವಳು ಗೇಟಿನ ಕಡೆ ತಿರುಗಿದರೆ ಏನು ಮಾಡಲಿ ಎಂದು ನಾನು ಅವಳ ಪಾದವನ್ನೇ ನೋಡುತ್ತಿದ್ದೆ. ಪಾದ ಗೇಟಿನ ಕಡೆ ತಿರುಗಲಿಲ್ಲ. ಹಾಲಿನ ಮೂಲೆಗೆ ನಡೆಯಿತು. ದೇವರ ಮನೆಯ ಮುಂದೆ ನಿಂತಿತು. ಧನ್ಯಾ ಕುಕ್ಕರುಗಾಲಿನಲ್ಲಿ ಕೂತು ಕೆಳಗಿನ ಚಿಲಕವನ್ನು ಎರಡೂ ಕೈಯಲ್ಲಿ ಎಳೆದು ತೆಗೆದಳು. ಬಸ್ಸಿನ ಬಾಗಿಲು ತೆಗೆದಂತೆ. ಅವಳೇ ಹಾಕಿದ್ದ ಚಿಲಕ ಅದು. ಪ್ಯಾಸೆಂಜರ್ ಇಳಿದ ಮೇಲೆ ಕಂಡಕ್ಟರ್ ಬಾಗಿಲು ಹಾಕಬೇಕಲ್ಲ.

ಒಳಗೆ ಕತ್ತಲಲ್ಲಿ, ಒಟ್ಟಿದ ಹಾಸಿಗೆಗಳ ಮೇಲೆ, ಹಳದಿ ಫ್ರಾಕು.

ಇಂಚರ ಕಾಲು ಮಡಚಿಕೊಂಡು ಆಟದ ಬೊಂಬೆಗಳ ಚೀಲವನ್ನು ತಬ್ಬಿ ಕೂತಿದ್ದಳು. ಬೆಳಕಿಗೆ ಕಣ್ಣು ಕಿರಿದು ಮಾಡಿದಳು. ನನ್ನನ್ನಲ್ಲ, ಧನ್ಯಾಳನ್ನು ನೋಡಿ ಹೇಳಿದಳು: “ಬಸ್ಸು ಬರ್ಲೇ ಇಲ್ಲ.”

“ಸಿಗ್ನಲ್ ಇತ್ತು” ಎಂದಳು ಧನ್ಯಾ.

ನಾನು ಅಲ್ಲೇ ಹೊಸ್ತಿಲ ಮೇಲೆ ಕುಸಿದೆ. ಆ ಮಗುವನ್ನು ಎಳೆದು ಮಡಿಲಿಗೆ ಹಾಕಿಕೊಂಡೆ. ಮೈ ಬಿಸಿ ಇತ್ತು, ಕೂದಲು ಬೆವತಿತ್ತು. “ಅಷ್ಟೊಂದು ಕರೆದೆನಲ್ಲ ಪುಟ್ಟಿ, ಕೇಳಿಸ್ಲಿಲ್ವಾ?” ಎಂದೆ.

ಅವಳು ತಪ್ಪು ತಿದ್ದುವವಳ ಹಾಗೆ, “ಕತ್ರಿಗುಪ್ಪೆಗೆ ಕೇಳ್ಸಲ್ಲ ಮಿಸ್” ಎಂದಳು. ಆಮೇಲೆ, ನಾನು ಕೇಳದಿದ್ದರೂ, “ಕತ್ಲೆ ಇತ್ತು. ನಾನ್ ಅಳ್ಲಿಲ್ಲ” ಎಂದಳು. ಕೆನ್ನೆಯ ಎರಡೂ ಕಡೆ ಕಣ್ಣೀರು ಇಳಿದು ಒಣಗಿದ ಗೆರೆಯಿತ್ತು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಗಾದೆಯನ್ನು ಆಮೇಲೆ ಎಷ್ಟೋ ಜನ ನನಗೆ ಹೇಳಿದ್ದಾರೆ, ನಮ್ಮ ಮನೆಯವರೂ ಸೇರಿ. ನಗುತ್ತಲೇ ಹೇಳುತ್ತಾರೆ. ನನಗೆ ನಗು ಬರುವುದಿಲ್ಲ. ಆ ಗಾದೆ ಕಟ್ಟಿದವರು ಕೂಸು ಸಿಕ್ಕಿದ ಮೇಲೆ ಕಟ್ಟಿದ್ದು. ಹುಡುಕುವಾಗ ಕಟ್ಟಿದ್ದರೆ ಬೇರೆ ಥರ ಇರುತ್ತಿತ್ತು.

ಸವಿತಾ ರಸ್ತೆಯಿಂದ ಬಂದವಳು ಇಂಚರಳನ್ನು ಕಂಡು ಬಾಗಿಲಿಗೆ ಒರಗಿ ಗೊಳೋ ಎಂದು ಅತ್ತಳು. ಟ್ಯಾಂಕರಿನವನು ಕಿಟಕಿಯಿಂದ ಇಣುಕಿ ನೋಡಿ, ಹೋಗಿ ಮುಚ್ಚಳ ಮುಚ್ಚಿದ. ನಾನು ಮಗುವಿನ ಮುಖ ತೊಳೆಸಿ ಜಗಲಿಗೆ ಕರೆತಂದೆ. ಅಜ್ಜಿ ಬಗ್ಗಿ ಅವಳಿಗೆ ಚಪ್ಪಲಿ ಹಾಕುತ್ತಿದ್ದರು. ನಡೆದದ್ದನ್ನೆಲ್ಲ ಅವರಿಗೆ ಹೇಳಲೇಬೇಕು, ಆದರೆ ಎಲ್ಲಿಂದ ಶುರು ಮಾಡಲಿ ಎಂದು ನಾನು ತಡವರಿಸುತ್ತಿದ್ದೆ. ಅಜ್ಜಿ ತಲೆಯೆತ್ತದೆ, ಮೆಲ್ಲಗೆ ಕೇಳಿದರು.

“ಸಂಪ್‌ನೂ ನೋಡಿದ್ರಾ?”

“ನೋಡ್ದೆ ಅಜ್ಜಿ.”

“ನಾನೂ ನೋಡ್ಕೊಂಡೇ ಬಂದೆ. ಮುಚ್ಚಳ ತೆಗ್ದಿತ್ತು. ಒಂದ್ ಕೋಲು ಬಿದ್ದಿತ್ತು. ಒಳಕ್ ಬಂದ್ರೆ ಎಲ್ಲಾ ಮಕ್ಳೂ ಅವ್ರೆ, ನಮ್ ಕೂಸಿಲ್ಲ. ನಿಮ್ಮ ಮಖ ನೋಡ್ದೆ.” ಚಪ್ಪಲಿಯ ಪಟ್ಟಿ ಎಷ್ಟು ಎಳೆದರೂ ಅವರ ಬೆರಳಿಗೆ ಸಿಗುತ್ತಿರಲಿಲ್ಲ. “ಕಾಲು ನಿಲ್ಲಲಿಲ್ಲ ಕಣವ್ವ. ಅದ್ಕೇ ಬಸ್ಸಲ್ಲಿ ಕೂತೆ.”

ನಾನು ಅವರು ಆಟಕ್ಕೆ ಸೇರಿಕೊಂಡರು ಎಂದುಕೊಂಡಿದ್ದೆ. ಅಷ್ಟೂ ಸ್ಟಾಪು ಅವರು ನನ್ನ ಪಕ್ಕದಲ್ಲಿ, ನನ್ನಷ್ಟೇ ತಿಳಿದುಕೊಂಡು, ಬಾಯಿ ಮುಚ್ಚಿಕೊಂಡು ಕೂತಿದ್ದರು. ಕೂಗಾಡಿದ್ದರೆ ಆ ಹುಡುಗಿ ಮತ್ತೆ ಬಾಯಿ ಮುಚ್ಚಿಕೊಳ್ಳುತ್ತಿದ್ದಳು ಎಂದು ಅವರಿಗೆ ಹೊಳೆದಿತ್ತೋ, ಅಥವಾ ಕೂಗಲು ದನಿಯೇ ಇರಲಿಲ್ಲವೋ, ನಾನು ಕೇಳಲಿಲ್ಲ. ಪಟ್ಟಿ ಸಿಕ್ಕಿಸಲು ಕೈ ಕೊಟ್ಟೆ. ಇಬ್ಬರೂ ಸೇರಿ ಒಂದು ಪುಟ್ಟ ಚಪ್ಪಲಿ ಹಾಕಲು ತುಂಬ ಹೊತ್ತು ತೆಗೆದುಕೊಂಡೆವು.

ಸೋಮವಾರ ಅಜ್ಜಿ ಮತ್ತೆ ಬಂದರು, ಇಂಚರಳೂ ಬಂದಳು. ಅಷ್ಟರಲ್ಲಿ ಸಂಪಿಗೆ ಬೀಗ ಬಿದ್ದಿತ್ತು, ಕೆಳಗಿನ ಚಿಲಕ ಕಿತ್ತಿಸಿದ್ದೆ. ಡಬ್ಬಿಯಲ್ಲಿದ್ದ ಗಂಟೆಗಳನ್ನು ಹುಡುಕಿ ತೆಗೆದು ದೇವರ ಮನೆಯ ಬಾಗಿಲಿಗೆ ನಾನೇ ಕಟ್ಟಿದೆ. ಈಗ ಮಕ್ಕಳು ದಿನವಿಡೀ ಬಾರಿಸುತ್ತಾರೆ. ತಲೆ ಚಿಟ್ಟು ಹಿಡಿಯುತ್ತದೆ, ಹಿಡಿಯಲಿ. ಆಟಕ್ಕೆ ನಾನು ಈಗಲೂ ಅಡ್ಡ ಬರುವುದಿಲ್ಲ, ಆದರೆ ಯಾವ ಆಟವಾದರೂ ಮೊದಲ ಟಿಕೆಟ್ ನನ್ನದು. ತಿಂಡಿಗೆ ಗಂಟೆ ಬಾರಿಸುವ ಮೊದಲು ಕೊನೇ ಬಸ್ಸು ಹೊರಡುತ್ತದೆ, ಅದಕ್ಕೆ ಕಂಡಕ್ಟರ್ ನಾನೇ. ಎಲ್ಲ ಸ್ಟಾಪಿಗೂ ಹೋಗಿ ಕೂಗಿ, ಇದ್ದವರನ್ನೆಲ್ಲ ಹತ್ತಿಸಿಕೊಂಡು ಬರುತ್ತೇನೆ. ಧನ್ಯಾ, ಇಂಚರ ಎಲ್ಲ ದೊಡ್ಡ ಶಾಲೆಗೆ ಹೋಗಿ ಎಷ್ಟೋ ಕಾಲವಾಯಿತು. ಕೊನೇ ಬಸ್ಸು ಮಾತ್ರ ನಿಂತಿಲ್ಲ.

ಭಯ ಹೋಯಿತೇ ಎಂದು ನೀವು ಕೇಳಬಹುದು. ಎಲ್ಲಿಂದ ಹೋಗುತ್ತದೆ? ಮೊದಲು ಮಕ್ಕಳು ಬಿದ್ದಾರು, ನುಂಗಿಯಾರು, ಕಳೆದುಹೋದಾರು ಎಂದು ಹೆದರುತ್ತಿದ್ದೆ. ಈಗ ಅದರ ಮೇಲೆ ಇನ್ನೊಂದು ಸೇರಿದೆ. ಕತ್ತಲಲ್ಲಿ ಅಳುತ್ತ ಕೂತರೂ ಬಸ್ಸು ಬಂದೇ ಬರುತ್ತದೆ ಎಂದು ಒಂದು ಮಗು ನಂಬಿರುತ್ತದಲ್ಲ, ಆ ನಂಬಿಕೆಯನ್ನು ನೆನೆದರೆ ಹೆದರಿಕೆಯಾಗುತ್ತದೆ.

ಇವತ್ತು ಎದುರುಮನೆಯ ಮುಚ್ಚಳ ಮುಚ್ಚಿದ ಮೇಲೆ, ಆರಿದ ಕಾಫಿ ಚೆಲ್ಲಿ, ಶಾಲೆಗೆ ಹೋದೆ. ಮೂಗಿನಲ್ಲಿ ಆ ವಾಸನೆ ಇನ್ನೂ ಇತ್ತು. ಈ ವರ್ಷದ ಮಕ್ಕಳಿಗೆ ವಿಮಾನದ ಹುಚ್ಚು. ಆದರೂ ತಿಂಡಿಯ ಹೊತ್ತಿಗೆ ಕೊನೇ ಬಸ್ಸು ಹೊರಡಿಸಿದೆ. ಮಕ್ಕಳೆಲ್ಲ ಕುರ್ಚಿಗಳಲ್ಲಿ ಕೂತಿದ್ದರು, ಒಬ್ಬರೂ ಬಿಡದೆ, ನನ್ನ ಕಣ್ಣೆದುರಿಗೇ. ಆದರೂ ದೇವರ ಮನೆಯ ತನಕ ನಡೆದು, ಗಂಟೆಗಳ ಬಾಗಿಲು ತೆಗೆದು, “ಕತ್ರಿಗುಪ್ಪೆ, ಕತ್ರಿಗುಪ್ಪೆ” ಎಂದು ಕೂಗಿದೆ.

ಹೊಸದಾಗಿ ಸೇರಿರುವ ಒಂದು ಪುಟಾಣಿ ಹುಡುಗಿ ನನ್ನ ಸೆರಗು ಹಿಡಿದುಕೊಂಡು ಹಿಂದೆಯೇ ಬಂದಿದ್ದಳು. “ಅಲ್ಲಿ ಯಾರೂ ಇಲ್ವಲ್ಲ ಮಿಸ್, ಯಾಕ್ ನಿಲ್ಲಿಸಿದ್ರಿ?” ಎಂದಳು.

“ಯಾರಾದ್ರೂ ಕಾಯ್ತಿದ್ರೆ?” ಎಂದೆ.

ಅವಳು ಕತ್ತಲೊಳಗೆ ತಲೆ ಹಾಕಿ, ಎಡಕ್ಕೂ ಬಲಕ್ಕೂ ಚೆನ್ನಾಗಿ ನೋಡಿ, “ಯಾರೂ ಇಲ್ಲ ಮಿಸ್, ರೈಟ್” ಎಂದಳು.

ನಾನೂ ಒಂದು ಸಲ ಬಗ್ಗಿ ನೋಡಿದೆ. ಆಮೇಲೆ ರೈಟ್ ಅಂದೆ.